ಮೊದಲು ತೂತು ತೋರಿಸುವವರು

ನನಗೆ ಯಾರ ದನಿ ಬೇಕಾದರೂ ಬರುತ್ತದೆ. ಆಕ್ಲೆಂಡಿನ ನಮ್ಮ ಕನ್ನಡದವರ ಕಾರ್ಯಕ್ರಮಗಳಲ್ಲಿ ಮಕ್ಕಳ ನೃತ್ಯ ಮುಗಿದು, ಬಿಸಿಬೇಳೆಬಾತಿನ ಪಾತ್ರೆ ಇನ್ನೂ ಯಾರದೋ ಕಾರಿನ ಡಿಕ್ಕಿಯಲ್ಲೇ ಇರುವ ಹೊತ್ತಿಗೆ ನನ್ನನ್ನು ವೇದಿಕೆಗೆ ತಳ್ಳುತ್ತಾರೆ. ನಾನು ಅಧ್ಯಕ್ಷರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತೇನೆ, ಕಾರ್ಯದರ್ಶಿಗಳ ಹಾಗೆ ಮೈಕಿಗೆ ಮೂಗು ತಾಗಿಸಿಕೊಂಡು ಬೆಚ್ಚುತ್ತೇನೆ. ಪಾತ್ರೆಯ ಮುಚ್ಚಳ ತೆಗೆದ ಸದ್ದಾದ ಕೂಡಲೇ ನನ್ನ ಕಲೆ ಮುಗಿಯುತ್ತದೆ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಎಲ್ಲರ ಥರಾನೂ ಮಾತಾಡ್ತೀಯ, ಒಂದ್ಸಲ ನನ್ನ ಮಗನ ಥರ ಮಾತಾಡೋ, ಕೇಳಿ ಬಹಳ ದಿನ ಆಯ್ತು" ಎನ್ನುತ್ತಾಳೆ. ನಾನು ಅಪ್ಪನ ದನಿಯಲ್ಲಿ "ಆಯ್ತು ಕಣೇ" ಎಂದು ಫೋನ್ ಇಡುತ್ತೇನೆ.

ಇಂಥ ನನ್ನ ಅನುಕರಣೆಗೆ ಸಿಗದೇ ಹೋದವರು ಒಬ್ಬರೇ. ಆಫೀಸಿನಲ್ಲಿ ಅವರ ಪಕ್ಕದ ಮೇಜಿನಲ್ಲೇ ಕೂತು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಅವರ ಬೀಳ್ಕೊಡುಗೆಯ ದಿನ ಎಲ್ಲರ ಒತ್ತಾಯಕ್ಕೆ ಎದ್ದು ನಿಂತು ಅವರಂತೆ ಮಾತಾಡಲು ಹೊರಟೆ. ಎರಡು ವಾಕ್ಯ ಆಗಿರಲಿಲ್ಲ, ಮುಂದಿನ ಕುರ್ಚಿಯಿಂದ ಅವರೇ ಕೈಯೆತ್ತಿದರು.

"ನಿಲ್ಸಪಾ, ನಿಲ್ಸು. ನಾನೆಲ್ಲಿ ಹಂಗ ಮೂಗಿನಾಗ ಮಾತಾಡ್ತೀನಿ? ಇಲ್ಲಿ ಬಾ, ನಾನೇ ಮಾಡಿ ತೋರಿಸ್ತೀನಿ."

ಎದ್ದು ನಿಂತು ತಮ್ಮನ್ನು ತಾವೇ ಅನುಕರಿಸಿ ತೋರಿಸಿದರು. ಅದೂ ಅವರ ಹಾಗಿರಲಿಲ್ಲ.

ಹೆಸರು ಬರೆಯುವುದಿಲ್ಲ. "ನೀ ಬರೆಯೋ ಪೇಪರಿನಾಗ ನನ್ನ ಹೆಸರು ಬಂದ್ರೆ ವಿಮಾನ ಹತ್ತಿ ಬಂದು ಕಿವಿ ಹಿಂಡ್ತೀನಿ" ಎಂದು ಮೊದಲೇ ಹೇಳಿಟ್ಟಿದ್ದಾರೆ. ಆಂಟಿ ಎಂದರೆ ಸಾಕು, ಅವರೇ. ಈ ದೇಶದಲ್ಲಿ ಪ್ರಧಾನಿಯನ್ನೂ ಹೆಸರು ಹಿಡಿದು ಕೂಗಬಹುದು, ಆದರೆ ತಾಯಿಯ ವಯಸ್ಸಿನ ದಾವಣಗೆರೆಯ ಹೆಂಗಸನ್ನು ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಆಂಟಿ ಎಂದೆ. ಕೇಳಿಸಿಕೊಂಡ ಮ್ಯಾನೇಜರ್, ಇಲ್ಲಿನವನೇ, ತಾನೂ ಆಂಟಿ ಎಂದ. ಅವನು ಅವರಿಗಿಂತ ದೊಡ್ಡವನು. ಆಂಟಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, "ನಿನಗೂ ಊಟ ಹಾಕ್ಬೇಕೇನು ಹಂಗಾರೆ?" ಎಂದು ಕನ್ನಡದಲ್ಲೇ ಕೇಳಿದರು. ಅವನು ಅರ್ಥವಾಗದೆ ಹೌದೆಂದು ತಲೆಯಾಡಿಸಿದ. ಅಂದಿನಿಂದ ಅವನ ಪಾಲಿನ ಡಬ್ಬಿಯೂ ಬರತೊಡಗಿತು.

ನಮ್ಮ ಆಫೀಸಿನ ಕೆಲಸವನ್ನು ಅಮ್ಮನಿಗೆ ವಿವರಿಸಲು ನನಗೆ ಬಹಳ ಕಾಲ ಹಿಡಿಯಿತು. ಹೊರದೇಶದ ಕಂಪನಿಗಳನ್ನು ಪಶ್ಚಿಮ ಆಕ್ಲೆಂಡಿಗೆ ಕರೆತಂದು, ಇಲ್ಲಿ ಹಣ ಹಾಕಿ ಕಾರ್ಖಾನೆ ತೆಗೆಯುವಂತೆ ಅವರನ್ನು ಒಪ್ಪಿಸುವುದು. ದೇಶ ಚಿಕ್ಕದು, ಗಿರಾಕಿಗಳು ಕಡಿಮೆ, ಭೂಪಟದಲ್ಲಿ ಹುಡುಕಬೇಕಾದರೆ ಕೆಳಗಿನ ಅಂಚಿಗೆ ಬೆರಳು ಹಾಯಿಸಬೇಕು. ಬೇರೆ ಚಿಕ್ಕ ದೇಶಗಳು ತೆರಿಗೆ ಬೇಡ, ಜಮೀನು ತಗೋ, ಒಂದೇ ಕಿಟಕಿಯಲ್ಲಿ ಎಲ್ಲ ಅನುಮತಿ ಎಂದು ಬಾಗಿಲಲ್ಲಿ ನಿಂತು ಕರೆಯುತ್ತಿರುವಾಗ ನಾವೂ ಕರೆಯಬೇಕು. "ಅಂದ್ರೆ ಹೋಟ್ಲು ಮುಂದೆ ನಿಂತು ಒಳಗೆ ಬನ್ನಿ ಸಾರ್ ಅಂತಾರಲ್ಲ, ಆ ಕೆಲಸ" ಎಂದಳು ಅಮ್ಮ. ನನ್ನ ನೇಮಕದ ಪತ್ರದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿರಲಿಲ್ಲ.

ಆ ಕೆಲಸಕ್ಕೆ ಇದ್ದವರು ಇಬ್ಬರೇ, ಆಂಟಿ ಮತ್ತು ನಾನು. ಮೇಲೆ ಮ್ಯಾನೇಜರ್. ಅವನಿಗೆ ಹೂಡಿಕೆಗೆ ಒಳ್ಳೆಯ ವಾತಾವರಣ ಎಂದರೆ ನಗುಮುಖ. ಬಂದವರು ಏನೇ ಕೇಳಲಿ, "ನೋ ವರೀಸ್." ಅನುಮತಿ ಬೇಗ ಸಿಗುತ್ತದೆಯೇ? ನೋ ವರೀಸ್. ನುರಿತ ಕೆಲಸಗಾರರು ಸಿಗುತ್ತಾರೆಯೇ? ನೋ ವರೀಸ್. ಈ ಮಾತನ್ನು ಇಲ್ಲಿ ಕಾಫಿ ಚೆಲ್ಲಿದವನಿಗೂ ಹೇಳುತ್ತಾರೆ, ಕಾಲು ತುಳಿದವನಿಗೂ ಹೇಳುತ್ತಾರೆ, ಅದರಲ್ಲಿ ಯಾವ ಭರವಸೆಯೂ ಇರುವುದಿಲ್ಲ. ಪಾಪ, ದೂರದಿಂದ ಬಂದ ಹೂಡಿಕೆದಾರ ಅದನ್ನೇ ಗಂಟು ಕಟ್ಟಿಕೊಂಡು ಹೋಗಿ ತನ್ನ ಕಂಪನಿಯವರಿಗೆ ಒಪ್ಪಿಸುತ್ತಿದ್ದ. ಆರು ತಿಂಗಳು ಕಳೆದು ಅನುಮತಿ ಬರದಿದ್ದಾಗ ನಮಗೆ ಮೋಸಗಾರರೆಂಬ ಹೆಸರು.

ಆಂಟಿ ನಮ್ಮ ಕೋಣೆಯಲ್ಲಿ ಆ ಮಾತಿಗೆ ನಿಷೇಧ ಹಾಕಿದ್ದರು. ನಾನು ಜಾಣನ ಹಾಗೆ, "ನಾನಂತೂ ಹೇಳಲ್ಲ ಆಂಟಿ, ನೋಡೋಣ ಅಂತೀನಿ ಅಷ್ಟೇ" ಎಂದೆ.

"ಅದು ಇನ್ನೂ ಕೆಟ್ಟದ್ದು. ನಿಮ್ಮ ಮೈಸೂರಿನೋರು ನೋಡೋಣ ಅಂದ್ರೆ ಆಗಲ್ಲ ಅಂತ ಅರ್ಥ. ಅದು ನಂಗೊತ್ತು, ನಿಂಗೊತ್ತು. ಜರ್ಮನಿಯೋನಿಗೆ ಏನು ಗೊತ್ತು? ಅವನು ನೋಡ್ತಾ ಕೂತಿರ್ತಾನೆ."

ಅವರ ವಿಧಾನ ಬೇರೆ. ಅವರ ತಂದೆಗೆ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇತ್ತು. ಗಿರಾಕಿ ಬಂದು ಕೂತರೆ ಅಬ್ಬಾಜಾನ್ ಮೊದಲು ಥಾನು ಬಿಚ್ಚಿ, ಬೆಳಕಿಗೆ ಹಿಡಿದು, ಎಲ್ಲಾದರೂ ನೇಯ್ಗೆ ತಪ್ಪಿದ್ದರೆ, ತೂತಿದ್ದರೆ ಅದನ್ನೇ ಬೆರಳಿಟ್ಟು ತೋರಿಸುತ್ತಿದ್ದರಂತೆ. ಬಣ್ಣ, ಅಂಚು, ಬೆಲೆ ಎಲ್ಲ ಆಮೇಲೆ. "ಅರ್ಧ ಮಂದಿ ಎದ್ದು ಹೋಗ್ತಿದ್ರು. ಉಳಿದೋರು ಮೂರು ತಲೆಮಾರು ಬಂದ್ರು" ಎನ್ನುತ್ತಿದ್ದರು ಆಂಟಿ. "ಎದ್ದು ಹೋದವರು ಯಾವ ಅಂಗಡಿಗೆ ಹೋದ್ರು?" ಎಂದು ನಾನು ಕೇಳಿದರೆ, "ಎದುರಿನ ಅಂಗಡಿಗೆ. ಅವರು ದೊಡ್ಡ ಮನೆ ಕಟ್ಟಿಸಿದ್ರು" ಎಂದು ಅದನ್ನೂ ಮುಚ್ಚಿಡದೆ ಹೇಳುತ್ತಿದ್ದರು.

ದಾವಣಗೆರೆ ಎಂದಾಗ ಯಾರಾದರೂ ಬೆಣ್ಣೆದೋಸೆಯ ಹೆಸರೆತ್ತಿದರೆ ಅವರಿಗೆ ಆಗುತ್ತಿರಲಿಲ್ಲ. "ನಮ್ಮೂರಾಗ ದೋಸೆ ಬಿಟ್ಟು ಜನಾನೂ ಅದಾರೆ" ಎಂದು ಮುಖ ತಿರುಗಿಸುತ್ತಿದ್ದರು. ಹಾಗೆ ಮುಖ ತಿರುಗಿಸಿದ ಭಾನುವಾರವೇ ಫೋನ್ ಮಾಡಿ, "ಹಿಟ್ಟು ಹುದುಗಿ ಬಂದೈತಿ, ಬರ್ತೀಯೋ ಇಲ್ಲೋ?" ಎಂದು ಕೇಳುತ್ತಿದ್ದರು.

ತೂತು ತೋರಿಸುವ ಹೊತ್ತು ಬಂದಿತು ಎಂದು ನನಗೆ ಅವರ ದುಪಟ್ಟಾದಿಂದ ತಿಳಿಯುತ್ತಿತ್ತು. ತಲೆಯ ಮೇಲಿನ ಅದರ ಅಂಚನ್ನು ಎಡಗೈಯಲ್ಲಿ ಒಂದಿಷ್ಟು ಮುಂದಕ್ಕೆ ಎಳೆದುಕೊಳ್ಳುವರು, ಮಳೆಗೆ ಕೊಡೆ ಬಿಚ್ಚಿದ ಹಾಗೆ. ಆಮೇಲೆ ಶುರು. ಇಲ್ಲಿಂದ ಸರಕು ಹಡಗಿಗೆ ಹೋಗಿ ನಿಮ್ಮೂರು ಮುಟ್ಟಲು ಇಷ್ಟು ವಾರ. ಕೆಲವು ಬಗೆಯ ಜಮೀನನ್ನು ಹೊರಗಿನವರು ಕೊಳ್ಳುವಾಗ ಸರ್ಕಾರ ಪ್ರತ್ಯೇಕ ಪರಿಶೀಲನೆ ಮಾಡುತ್ತದೆ, ಅದಕ್ಕೆ ತಾಳ್ಮೆ ಬೇಕು. ಒಳ್ಳೆ ವೆಲ್ಡರ್ ಸಿಕ್ಕರೆ ಆಸ್ಟ್ರೇಲಿಯಾದವರು ಜಾಸ್ತಿ ಸಂಬಳ ಕೊಟ್ಟು ಹಾರಿಸಿಕೊಂಡು ಹೋಗುತ್ತಾರೆ. ಸಂಜೆ ಮೋಟರ್‌ವೇ ನೋಡಬೇಕು ಎಂದು, ಬೇಕೆಂದೇ ದಟ್ಟಣೆಯ ಹೊತ್ತಿಗೆ ಅವರನ್ನು ಅಲ್ಲಿಗೆ ಒಯ್ದು, ಅಲುಗಾಡದ ಕಾರಿನೊಳಗೆ ಕಡಲೆಬೀಜ ಕೊಟ್ಟು ಕೂರಿಸುತ್ತಿದ್ದರು. ಇಷ್ಟೆಲ್ಲ ಮುಗಿದ ಮೇಲೆ ಒಳ್ಳೆಯದು: ಲಂಚ ಕೇಳುವವರಿಲ್ಲ, ನ್ಯಾಯಾಲಯದ ತೀರ್ಪಿಗೆ ಬೆಲೆ ಇದೆ, ಸರ್ಕಾರ ಬದಲಾದರೂ ನಿಮ್ಮ ಕಾರ್ಖಾನೆ ನಿಮ್ಮದೇ. "ದುಡ್ಡು ಕೆಟ್ಟ ಸುದ್ದಿಗೆ ಹೆದರಲ್ಲಪಾ. ಗೊತ್ತಿಲ್ಲದ್ದಕ್ಕೆ ಹೆದರ್ತೈತಿ" ಎಂಬುದು ಅವರ ಅರ್ಥಶಾಸ್ತ್ರ. ಮ್ಯಾನೇಜರನ ಬಳಿ ಇದನ್ನೇ ದೊಡ್ಡ ದೊಡ್ಡ ಮಾತುಗಳಲ್ಲಿ ಹೇಳುವ ನೂರು ಸ್ಲೈಡುಗಳಿದ್ದವು. ಅವನೇ ಅವುಗಳನ್ನು ಓದಿರಲಿಲ್ಲ.

ಆಂಟಿ ನನ್ನನ್ನು ಯಾಕೆ ಕೆಲಸಕ್ಕೆ ಆರಿಸಿದರು ಎಂದು ಬಹಳ ದಿನ ಗೊತ್ತಿರಲಿಲ್ಲ. ನನ್ನ ಪದವಿಗೆ ಇರಬೇಕು ಎಂದುಕೊಂಡಿದ್ದೆ. ಆಮೇಲೆ ಅವರೇ ಹೇಳಿದರು: ಸಂದರ್ಶನಕ್ಕೆ ಬಂದವನು ಹೊರಗಿನ ಬೆಂಚಿನಲ್ಲಿ ಕೂತು, ಆಗಷ್ಟೇ ನನ್ನನ್ನು ಮಾತಾಡಿಸಿ ಹೋದ ಮ್ಯಾನೇಜರನ ನಡಿಗೆಯನ್ನು ಸ್ವಾಗತದ ಹುಡುಗಿಗೆ ಮಾಡಿ ತೋರಿಸುತ್ತಿದ್ದೆನಂತೆ. ಬಾಗಿಲ ಸಂದಿಯಿಂದ ಆಂಟಿ ನೋಡಿದರಂತೆ. "ಮಂಗ್ಯಾ ಐತಿ, ಆದ್ರೆ ಕಣ್ಣು ಐತಿ" ಎಂದು ಅಲ್ಲೇ ತೀರ್ಮಾನಿಸಿದರಂತೆ. ಪದವಿಯ ಪ್ರತಿಯನ್ನು ಬಿಚ್ಚಿ ಕೂಡ ನೋಡಿರಲಿಲ್ಲ.

ಆ ಮಂಗಾಟಕ್ಕೆ ಅವರು ಕೆಲಸ ಹಚ್ಚಿದರು. ಯಾವುದೇ ಕಂಪನಿಯವರು ಬರುವ ಹಿಂದಿನ ದಿನ ನಾನು ಆ ಹೂಡಿಕೆದಾರನಾಗಿ ಎದುರು ಕೂರಬೇಕು. ಅವರ ವಿಡಿಯೋಗಳನ್ನು ನೋಡಿ, ಹೇಗೆ ಕೂರುತ್ತಾರೆ, ಯಾವಾಗ ಗಡಿಯಾರ ನೋಡುತ್ತಾರೆ, ಎಲ್ಲಿ ಅನುಮಾನಿಸುತ್ತಾರೆ ಎಂದು ಕಲಿತು, ಕಷ್ಟದ ಪ್ರಶ್ನೆಗಳನ್ನು ಹಾಕಬೇಕು. ನಾನು ಹೂಡಿಕೆದಾರನಾಗಿ ಮೆರೆದೆ. ಕಾಲ ಮೇಲೆ ಕಾಲು ಹಾಕಿ, "ನಿಮ್ಮ ದೇಶಕ್ಕೆ ನಾನ್ಯಾಕೆ ಬರಲಿ?" ಎನ್ನುತ್ತಿದ್ದೆ. ಬ್ಯಾಂಕಿನಲ್ಲಿ ಮುಂದಿನ ವಾರದ ಮನೆ ಬಾಡಿಗೆಗೆ ಸಾಕಾಗುವಷ್ಟು ದುಡ್ಡಿಲ್ಲದವನ ಬಾಯಲ್ಲಿ ಆ ಪ್ರಶ್ನೆಗೆ ಎಂಥ ಗತ್ತು ಬರುತ್ತಿತ್ತು ಅಂತೀರಿ!

ನಗು ನಿಂತದ್ದು ಹೋದ ವರ್ಷ. ಖರ್ಚು ಕಡಿತದ ಗಾಳಿ ಎಲ್ಲ ಆಫೀಸುಗಳಲ್ಲಿ ಬೀಸುತ್ತಿತ್ತು. ಮ್ಯಾನೇಜರ್ ನಮ್ಮಿಬ್ಬರನ್ನು ಕರೆದು, ಈ ಸಲ ಬರುವ ಕಂಪನಿ ಒಪ್ಪಿದರೆ ನಮ್ಮ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತಾರೆ ಎಂದ. ನೋ ವರೀಸ್ ಎನ್ನಲಿಲ್ಲ. ಆಂಟಿ ಇಲ್ಲಿನ ಪೌರರಾಗಿ ಯಾವ ಕಾಲವಾಯಿತೋ. ನನ್ನ ವೀಸಾ ಮಾತ್ರ ಈ ಕೆಲಸಕ್ಕೇ ಅಂಟಿಕೊಂಡದ್ದು. ಕಾಯಂ ವಾಸಕ್ಕೆ ಅರ್ಜಿ ಹಾಕಲು ಇನ್ನೊಂದು ವರ್ಷ ಇಲ್ಲೇ ದುಡಿಯಬೇಕಿತ್ತು. ಕೆಲಸ ಹೋದರೆ ಮೈಸೂರು. ಮೈಸೂರು ಒಳ್ಳೆಯ ಊರೇ, ಆದರೆ ಸೋತು ಹೋಗಿ ಇಳಿಯುವುದಕ್ಕೆ ಯಾವ ಊರೂ ಒಳ್ಳೆಯದಲ್ಲ.

ಬರುವ ಕಂಪನಿ ಯೂರೋಪಿನ ಒಂದು ಕುಟುಂಬದ್ದು. ಆಸ್ಪತ್ರೆಯ ಮಂಚಗಳನ್ನು ಮಾಡುವವರು. ಮಾಲೀಕ ತಾನೇ ಬರುತ್ತಿದ್ದ. ವಿಡಿಯೋ ಹಾಕಿ ನೋಡಿದರೆ, ಉದ್ದನೆಯ ಆಳು, ಮಾತೇ ಇಲ್ಲ. ಎಲ್ಲ ಸಭೆಯಲ್ಲೂ ಸುಮ್ಮನೆ ಕೂತಿರುತ್ತಾನೆ, ಕೊನೆಗೆ ಎದ್ದು ಹೋಗುತ್ತಾನೆ. ಅಭ್ಯಾಸದ ದಿನ ನಾನು ಅವನಾಗಿ ಸುಮ್ಮನೆ ಕೂತೆ. ಆಂಟಿ ಒಂದಿಷ್ಟು ಹೇಳಿದರು. ನಾನು ಸುಮ್ಮನಿದ್ದೆ. ಇನ್ನಷ್ಟು ಹೇಳಿದರು. ಸುಮ್ಮನಿದ್ದೆ. ದುಪಟ್ಟಾ ಹಣೆಯವರೆಗೆ ಬಂತು. ದೂರ, ಸಮುದ್ರ, ವೆಲ್ಡರು, ಕರೆಂಟು, ಆಸ್ಟ್ರೇಲಿಯಾ ಎಲ್ಲ ಮುಗಿದು, ಕೊನೆಗೆ ನಮ್ಮ ಆಫೀಸಿನ ಶೌಚಾಲಯದ ನಲ್ಲಿ ಸೋರುತ್ತದೆ ಎಂಬಲ್ಲಿಗೆ ಬಂದಾಗ ನಾನು ತಡೆಯಲಾರದೆ ನಕ್ಕೆ.

"ಆಂಟಿ, ಎದುರಿಗಿದ್ದೋನು ಸುಮ್ನಿದ್ರೆ ನೀವು ಸ್ವಂತ ಜಾತಕನೂ ಬಿಚ್ಚಿಡ್ತೀರಿ. ಅವನ ಮುಂದೆ ಆ ತೊರೆ ವಿಷಯ ಮಾತ್ರ ಎತ್ತಬೇಡಿ, ಕೈ ಮುಗೀತೀನಿ."

ತೊರೆಯ ವಿಷಯ ಹೀಗೆ. ನಾವು ತೋರಿಸಬೇಕಿದ್ದ ಜಾಗ ಪಶ್ಚಿಮ ಆಕ್ಲೆಂಡಿನ ಹೆಂಡರ್ಸನ್‌ನಲ್ಲಿ ಮುಚ್ಚಿಹೋದ ಒಂದು ಹಳೆಯ ಕಾರ್ಖಾನೆ. ಮೇಲಿನ ರಸ್ತೆಯಿಂದ ಬಂದರೆ ಅಗಲವಾದ ಅಂಗಳ, ದೊಡ್ಡ ಷೆಡ್ಡು, ಸೊಗಸು. ಕೆಳಗಿನ ರಸ್ತೆಯಿಂದ ಬಂದರೆ ಹಿಂದೆ ಹರಿಯುವ ತೊರೆ ಕಾಣುತ್ತದೆ. ಜೋರು ಮಳೆಯಾದಾಗ ಅದು ದಂಡೆ ದಾಟಿದ್ದುಂಟು. ನಾನು ದಾರಿಯನ್ನು ಎರಡು ಸಲ ಓಡಿಸಿ ನೋಡಿ, ಮೇಲಿನ ರಸ್ತೆಯನ್ನೇ ಗಟ್ಟಿಮಾಡಿಕೊಂಡಿದ್ದೆ.

ಆ ಬೆಳಿಗ್ಗೆ ಕಾರು ನಾನು ಓಡಿಸುತ್ತಿದ್ದೆ. ಪಕ್ಕದಲ್ಲಿ ಆಂಟಿ. ಹಿಂದೆ ಮ್ಯಾನೇಜರ್ ಮತ್ತು ಮಂಚದ ಮಾಲೀಕ. ಮ್ಯಾನೇಜರ್ ಇಡೀ ದೇಶವನ್ನು ಹೊಗಳುತ್ತಿದ್ದ. ಮಾಲೀಕ ಕಿಟಕಿಯಾಚೆ ನೋಡುತ್ತಿದ್ದ. ಎರಡು ರಸ್ತೆ ಕೂಡುವಲ್ಲಿಗೆ ಬಂದೆವು. ನೇರ ಹೋದರೆ ಮೇಲಿನ ರಸ್ತೆ, ಎಡಕ್ಕೆ ಕೆಳಗಿನದು.

"ಎಡಕ್ಕ ತಿರುಗಿಸಪಾ" ಎಂದರು ಆಂಟಿ, ಕನ್ನಡದಲ್ಲಿ.

"ನೇರ ಹೋದ್ರೆ ಹತ್ತಿರ ಆಂಟಿ."

"ಎಡಕ್ಕ."

"ಆಂಟಿ, ನನ್ನ ವೀಸಾ."

"ನಿನ್ನ ವೀಸಾ ನನಗೂ ಗೊತ್ತು. ಮುಖ ಗಂಟು ಹಾಕ್ಕೋಬ್ಯಾಡ, ಹಿಂದೆ ಕೂತಾರೆ. ನಗ್ತಾ ತಿರುಗ್ಸು."

"ನಾಳೆ ಅವನೇ ಗೂಗಲ್ ಮಾಡಿ ತಿಳ್ಕೊಳ್ಲಿ ಬಿಡಿ, ನಾವ್ಯಾಕೆ ಹೇಳ್ಬೇಕು?"

"ನಾಳೆ ತಿಳ್ಕಂಡ್ರೆ ನಾವು ಮುಚ್ಚಿಟ್ವಿ ಅಂತಾನ. ಇವತ್ತು ತೋರಿಸಿದ್ರೆ ನಾವು ತೋರಿಸಿದ್ವಿ ಅಂತಾನ. ಸಿಗ್ನಲ್ ಹಸಿರಾತು, ತಿರುಗ್ಸು."

ಹಿಂದಿನಿಂದ ಮ್ಯಾನೇಜರ್, ಏನು ಗಂಭೀರ ಚರ್ಚೆ ಎಂದು ನಗುತ್ತ ಕೇಳಿದ. ಆಂಟಿ ಹಿಂದಕ್ಕೆ ತಿರುಗಿ, "ದಾರಿಯ ವಿಷಯಕ್ಕೆ ಜಗಳ ಆಡ್ತಿದ್ದೀವಿ, ನಾನು ಗೆಲ್ತಿದ್ದೀನಿ" ಎಂದು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದರು. ನಾನು ಹಲ್ಲು ಕಚ್ಚಿಕೊಂಡು ನಗುತ್ತ ಎಡಕ್ಕೆ ತಿರುಗಿಸಿದೆ.

ಆ ಜಾಗದ ಪಕ್ಕದಲ್ಲಿ ಕಾರು ರಿಪೇರಿಯ ಗರಾಜು. ಅದರ ಮಾಲೀಕ ತಮಾಷೆಯ ಮನುಷ್ಯ. ನೀರು ನುಗ್ಗಿದ ವರ್ಷ ಅದು ನಿಂತ ಎತ್ತರಕ್ಕೆ ಗೋಡೆಯ ಮೇಲೆ ನೀಲಿ ಗೆರೆ ಎಳೆದು, ಗೆರೆಯ ಕೆಳಗೆ ನಗುವ ಮೀನೊಂದನ್ನು ಬರೆದಿದ್ದ. ಮಂಚದ ಮಾಲೀಕ ಕಾರಿನಿಂದಿಳಿದು, ನೇರ ಆ ಗೋಡೆಯ ಹತ್ತಿರ ಹೋಗಿ, ಬೆನ್ನು ತಾಗಿಸಿ ನಿಂತ. ಗೆರೆ ಅವನ ಸೊಂಟದ ಬೆಲ್ಟಿಗೆ ಬಂತು. ಅವನು ನಮ್ಮನ್ನು ನೋಡಿದ.

"ನೋ ವರೀಸ್" ಎಂದ ಮ್ಯಾನೇಜರ್. ಅಂಥದ್ದು ಅಪರೂಪ, ಈಗ ಚರಂಡಿ ಸರಿಮಾಡಿದ್ದಾರೆ ಎಂದ.

ದುಪಟ್ಟಾ ಮುಂದಕ್ಕೆ ಬಂತು. "ಚಿಂತೆ ಇದೆ" ಎಂದರು ಆಂಟಿ. "ಚರಂಡಿ ಅರ್ಧ ಆಗಿದೆ. ಉಳಿದರ್ಧ ಯಾವಾಗ ಅಂತ ನಾನು ಕೇಳಿದೆ, ಯಾರೂ ದಿನ ಹೇಳಲಿಲ್ಲ. ನನ್ನ ದುಡ್ಡಾಗಿದ್ದರೆ ನಾನು ಇಲ್ಲಿ ಹಾಕ್ತಿರಲಿಲ್ಲ."

ಮ್ಯಾನೇಜರನ ಮುಖವನ್ನು ನಾನು ಇಂದಿಗೂ ಚೆನ್ನಾಗಿ ಮಾಡುತ್ತೇನೆ. ಬಾಯಿ ನಗುತ್ತಿರಬೇಕು, ಕಿವಿಗಳು ಹಿಂದಕ್ಕೆ ಹೋಗಬೇಕು. ಆ ದಿನ ಮಾತ್ರ ನನಗೆ ಅದನ್ನು ಮಾಡುವ ಉಮೇದಿರಲಿಲ್ಲ. ಮನಸ್ಸಿನಲ್ಲೇ ಬಟ್ಟೆ ಮಡಚಿ ಸೂಟ್‌ಕೇಸಿಗೆ ತುಂಬುತ್ತಿದ್ದೆ.

ಊಟ ಆಂಟಿಯ ಮನೆಯಲ್ಲಿ. ಗಿರಾಕಿ ಒಪ್ಪಲಿ ಬಿಡಲಿ, ಊಟ ತಪ್ಪುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಮೇಲಿನ ಕೋಣೆಗೆ ಬಾಡಿಗೆ ಹಂಚಿಕೊಳ್ಳುವ ಫ್ಲಾಟ್‌ಮೇಟ್ ಆಗಿ ಒಬ್ಬ ನರ್ಸನ್ನು ಇಟ್ಟುಕೊಂಡಿದ್ದರು. ಮಂಗಳೂರಿನ ಕಡೆಯವರು, ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ. ಅಂದು ಅವರಿಗೆ ರಜೆ. ಬಿರಿಯಾನಿ ಬಡಿಸುತ್ತ, ಬಂದವನು ಯಾವ ಕಂಪನಿಯವನೆಂದು ತಿಳಿದ ಕೂಡಲೇ ಸಿಸ್ಟರ್ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

"ಆಂಟಿ, ಇವರದ್ದೇ ಮಂಚವಾ? ನಮ್ಮ ವಾರ್ಡಲ್ಲಿ ಉಂಟಲ್ಲ ಮಾರಾಯ್ರೇ! ಅದರ ಬ್ರೇಕು ಎಂತ ಅವಸ್ಥೆ ಗೊತ್ತುಂಟಾ? ಹೇಳುದಾ, ಬೇಡವಾ?"

"ಬೇಡ ಸಿಸ್ಟರ್!" ಎಂದೆ ನಾನು.

"ಹೇಳವ್ವಾ" ಎಂದರು ಆಂಟಿ.

ಸಿಸ್ಟರ್ ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಚಕ್ರದ ಬ್ರೇಕನ್ನು ಕಾಲಿನಿಂದ ಒತ್ತುವ ಪಟ್ಟಿ ಎಷ್ಟು ಗಿಡ್ಡವೆಂದರೆ, ಸಣ್ಣ ಪಾದದವರು ಮಂಚದಡಿ ತಲೆ ಹಾಕಿ ಕೈಯಿಂದ ಒತ್ತಬೇಕು. ಕೆಟ್ಟರೆ ಬಿಡಿಭಾಗ ಸಮುದ್ರ ದಾಟಿ ಬರುವವರೆಗೆ ಮಂಚ ಮೂಲೆಯಲ್ಲಿ. ಕುರ್ಚಿಯೊಂದನ್ನು ಉರುಳಿಸಿ, ಮಂಚದಡಿ ತಲೆ ಹಾಕುವುದು ಹೇಗೆಂದು ಊಟದ ಮನೆಯಲ್ಲೇ ಮಾಡಿ ತೋರಿಸಿದರು. ನನಗಿಂತ ಚೆನ್ನಾಗಿ ಮಾಡಿದರು ಎಂದು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ.

ಆಗ ಮಂಚದ ಮಾಲೀಕ ಅಂದು ಮೊದಲ ಸಲ ಬಾಯಿ ತೆರೆದ. ಎಷ್ಟು ಗಿಡ್ಡ, ಎಂದು ಕೇಳಿದ. ಸಿಸ್ಟರ್ ಬೆರಳಲ್ಲಿ ತೋರಿಸಿದರು. ಅವನು ಜೇಬಿನಿಂದ ಪೆನ್ನು ತೆಗೆದು ಪೇಪರ್ ನ್ಯಾಪ್ಕಿನ್ನಿನ ಮೇಲೆ ಚಿತ್ರ ಬರೆಯತೊಡಗಿದ. ಬಿರಿಯಾನಿ ಆರಿಹೋಯಿತು. ಮ್ಯಾನೇಜರ್ ಮಾತ್ರ ಮೂರನೆಯ ಸಲ ಬಡಿಸಿಕೊಂಡ.

ಮಂಚದ ಮಾಲೀಕ ಒಪ್ಪಿಗೆಯನ್ನೂ ಹೇಳದೆ, ನಿರಾಕರಣೆಯನ್ನೂ ಹೇಳದೆ ವಿಮಾನ ಹತ್ತಿದ. ಆಮೇಲಿನ ವಾರಗಳಲ್ಲಿ ನಾನು ಆಂಟಿಯ ಜತೆ ಮಾತು ಬಿಟ್ಟಿದ್ದೆ ಎಂದರೆ ಸುಳ್ಳಾಗುತ್ತದೆ, ಬಿಡಲು ಪ್ರಯತ್ನಿಸಿದ್ದೆ. ಡಬ್ಬಿ ಮುಂದಿಟ್ಟಾಗ ಬೇಡವೆನ್ನುತ್ತಿದ್ದೆ, ಅವರು ಆಚೆ ಹೋದಾಗ ತಿನ್ನುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ನಿಮ್ಮ ಸತ್ಯಕ್ಕೆ ನಾನ್ಯಾಕೆ ಮೈಸೂರಿಗೆ ಹೋಗ್ಬೇಕು ಆಂಟಿ? ನಿಮಗೇನು, ಪಾಸ್‌ಪೋರ್ಟ್ ಇದೆ."

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಸುಳ್ಳು ಹೇಳಿ ಅವನನ್ನ ಕರ್ಕಂಬಂದ್ವಿ ಅಂತ ಇಟ್ಕೋ. ನೀರು ಬಂತು, ಅವನು ಹೋದ. ಹೋಗಿ ಸುಮ್ನಿರ್ತಾನೇನು? ಸಣ್ಣ ದೇಶ ಅಂದ್ರೆ ಸಣ್ಣ ಊರಿನ ಅಂಗಡಿ ಕಣೋ. ಒಬ್ಬ ಗಿರಾಕಿ ಬೈಕೊಂಡು ಹೋದ್ರೆ ಇಡೀ ಬೀದಿಗೆ ಗೊತ್ತಾಗ್ತೈತಿ." ಆಮೇಲೆ ದನಿ ಇಳಿಸಿ, "ನಿನ್ನ ವಿಷಯಕ್ಕೆ ನಂಗೂ ನಿದ್ದಿ ಬರ್ತಿಲ್ಲ" ಎಂದರು. ಅಂದಿನ ಡಬ್ಬಿಯನ್ನು ಅವರ ಎದುರಿಗೇ ತಿಂದೆ.

ಸುದ್ದಿ ಬಂತು. ಮಂಚದ ಮಾಲೀಕ ಆ ಜಾಗ ಬೇಡವೆಂದಿದ್ದ. ಆದರೆ ಹೆಂಡರ್ಸನ್‌ನಲ್ಲೇ ಎತ್ತರದ ಕಡೆ ಒಂದು ಷೆಡ್ಡು ಬಾಡಿಗೆಗೆ ಹಿಡಿದು, ಮಂಚಗಳನ್ನು ಜೋಡಿಸುವ ಮತ್ತು ರಿಪೇರಿ ಮಾಡುವ ಸಣ್ಣ ಘಟಕ ತೆಗೆಯುತ್ತೇನೆ, ನಡೆದರೆ ಮುಂದೆ ದೊಡ್ಡದು ಎಂದಿದ್ದ. ಮ್ಯಾನೇಜರ್ ಕಾರಿಡಾರಿನಲ್ಲಿ ಕುಣಿದ. ನಾನೂ ಕುಣಿದೆ, ಅವನ ಹಾಗೆಯೇ. ಆಂಟಿ ಮಾತ್ರ, "ಷೆಡ್ಡಿನ ಛಾವಣಿ ಹಳೇದು, ಮೊದಲು ಅದನ್ನ ತಿಳಿಸ್ಬೇಕು" ಎನ್ನುತ್ತ ಫೋನ್ ಕೈಗೆತ್ತಿಕೊಂಡರು.

ಕುಣಿದದ್ದು ಸ್ವಲ್ಪ ಬೇಗವಾಯಿತು. ದೊಡ್ಡ ಕಾರ್ಖಾನೆ ಬಂದಿದ್ದರೆ ವಿಭಾಗ ಪೂರ್ತಿ ಉಳಿಯುತ್ತಿತ್ತು. ಬಂದದ್ದು ಸಣ್ಣದು, ಹಾಗಾಗಿ ಮೇಲಿನವರು ಅರ್ಧ ಉಳಿಸಿದರು. ಎರಡು ಹುದ್ದೆಯಲ್ಲಿ ಒಂದು. ಮ್ಯಾನೇಜರ್ ನಮ್ಮಿಬ್ಬರನ್ನು ಕೂರಿಸಿಕೊಂಡು, ಇಬ್ಬರಲ್ಲಿ ಒಬ್ಬರು ಎಂದು ಹೇಳಿ, ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತ ಕೂತ. ಯಾರು ಉಳಿಯಬೇಕೆಂದು ಯಾರಿಗೂ ಅನುಮಾನವಿರಲಿಲ್ಲ. ಗಿರಾಕಿಗಳೆಲ್ಲ ಅವರನ್ನು ಕೇಳಿಕೊಂಡು ಬರುವವರು. ನಾನು ಆ ಗಿರಾಕಿಗಳ ವೇಷ ಹಾಕುವವನು.

ಆಂಟಿ ಗಂಟಲು ಸರಿಮಾಡಿಕೊಂಡರು. "ಒಳ್ಳೇದೇ ಆಯ್ತು. ನಾನೇ ಹೇಳೋಳಿದ್ದೆ" ಎಂದು ಶುರುಮಾಡಿ, ಕ್ರೈಸ್ಟ್‌ಚರ್ಚಿನಲ್ಲಿ ಡಾಕ್ಟರಾಗಿರುವ ಮಗಳು ಎರಡನೆಯ ಮಗುವಿನ ನಿರೀಕ್ಷೆಯಲ್ಲಿದ್ದಾಳೆ, ಬಾ ಬಾ ಎಂದು ದಿನಾ ಅಳುತ್ತಾ ಕರೆಯುತ್ತಾಳೆ, ತಾನು ಕೆಲಸ ಬಿಡುವುದೆಂದು ಆಗಲೇ ತೀರ್ಮಾನಿಸಿಯಾಗಿದೆ ಎಂದರು. ಮ್ಯಾನೇಜರ್ ಅಭಿನಂದಿಸಿದ. ನಾನು ಅಭಿನಂದಿಸಿದೆ. ಎಷ್ಟು ಬೇಗ ನಂಬಿದೆ! ಜನರ ಮುಖ ಓದಿಯೇ ಅನ್ನ ತಿನ್ನುವವನು, ಬೇಕಾದದ್ದು ಕಿವಿಗೆ ಬಿದ್ದಾಗ ಮುಖ ನೋಡಲು ಮರೆತಿದ್ದೆ. ಬೀಳ್ಕೊಡುಗೆಗೆ ಚಂದಾ ಎತ್ತಿ ಮಗುವಿಗೆಂದು ಉಣ್ಣೆಯ ಟೋಪಿ, ಕಾಲುಚೀಲ ಕೊಂಡುತಂದೆ. ಆಂಟಿ ಅವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಗಾತ್ರ ಚೆನ್ನಾಗೈತಿ" ಎಂದರು.

ಅವರು ಹೊರಡುವ ಹಿಂದಿನ ಸಂಜೆ ಕ್ರೈಸ್ಟ್‌ಚರ್ಚಿನಿಂದ ಮಗಳ ಫೋನ್ ಬಂತು.

"ಸಾರಿ, ನಿಮ್ಮ ನಂಬರ್ ಸಿಸ್ಟರ್ ಕೊಟ್ರು. ಅಮ್ಮಿಗೆ ಅಲ್ಲೇನಾಯ್ತು? ಹೆಲ್ತ್ ಸರಿ ಇದೆ ತಾನೆ?"

"ಚೆನ್ನಾಗಿದ್ದಾರೆ. ಯಾಕೆ?"

"ಅಲ್ಲ, ಎಷ್ಟು ಸಲ ಕರೆದ್ರೂ ಕೆಲಸ ಐತಿ, ಕೆಲಸ ಐತಿ ಅಂತಿದ್ರು. ನಾನು ಕರೆಯೋದೇ ಬಿಟ್ಟಿದ್ದೆ. ಈಗ ತಾವಾಗೇ ಟಿಕೆಟ್ ತಗೊಂಡು ನಾಳೆ ಬರ್ತೀನಿ ಅಂತಾರೆ. ನಂಗೆ ಭಯ ಆಯ್ತು."

"ನಿಮ್ಮ ಮಗು ಸಲುವಾಗಿ ತಾನೆ ಬರ್ತಿರೋದು?" ಎಂದೆ. "ಎರಡನೇದು?"

"ಯಾರದ್ದು? ನನ್ನದಾ? ಯಾರ್ರೀ ಹೇಳಿದ್ದು ನಿಮಗೆ?"

ಸುಳ್ಳಿನ ರೂಢಿ ಇಲ್ಲದವರು ಸುಳ್ಳು ಹೇಳಲು ಕೂತರೆ ಅಳತೆ ತಿಳಿಯುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬೆನ್ನು ನೋವು ಎನ್ನುತ್ತಿದ್ದರು, ವಯಸ್ಸಾಯಿತು ಎನ್ನುತ್ತಿದ್ದರು. ಇವರು ಏಕ್‌ದಂ ಒಂದು ಮಗುವನ್ನೇ ಹುಟ್ಟಿಸಿಬಿಟ್ಟಿದ್ದರು.

ಮರುದಿನ ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ದಾರಿಯುದ್ದಕ್ಕೂ ಅವರು ಮಂಚದ ಷೆಡ್ಡಿನ ಛಾವಣಿಯ ವಿಷಯ ಹೇಳುತ್ತಿದ್ದರು, ಯಾರಿಗೆ ಯಾವಾಗ ಫೋನ್ ಮಾಡಬೇಕೆಂದು ಹೇಳುತ್ತಿದ್ದರು. ಇಳಿಸುವ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿದೆ.

"ಮಗು ಯಾವಾಗ ಆಂಟಿ?"

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಫೋನ್ ಮಾಡಿದ್ಲೇನು?"

"ಮಾಡಿದ್ರು."

"ಈಗಿನ ಹುಡುಗ್ರಿಗೆ ಬಾಯಿ ಬಿಗಿ ಇಲ್ಲ. ಹುಟ್ಟಬಾರದು ಅಂತ ಎಲ್ಲೂ ಬರೆದಿಲ್ಲಲ್ಲ. ಹುಟ್ಟಬಹುದು."

ನನಗೆ ನಗು ಬರಲಿಲ್ಲ. ಹಿಂದಿನ ಗಾಡಿಯವನು ಮೆಲ್ಲಗೆ ದೀಪ ಮಿನುಗಿಸಿದ. ನಾನು ಕದಲಲಿಲ್ಲ.

"ನನಗೆ ಒಂದು ಮಾತು ಹೇಳಬಹುದಿತ್ತು. ಒಂದು ಮಾತು ಕೇಳಬಹುದಿತ್ತು ನೀವು."

"ಕೇಳಿದ್ರೆ ಏನಂತಿದ್ದಿ? ಬ್ಯಾಡ ಆಂಟಿ, ನೀವಿರ್ರಿ, ನಾನು ಹೋಗ್ತೀನಿ ಅಂತಿದ್ದೇನು?"

ಅವರ ಎದುರಿಗೆ ಅಲ್ಲದಿದ್ದರೆ ತಟ್ಟನೆ ಹೂಂ ಎನ್ನುತ್ತಿದ್ದೆ.

"ಗೊತ್ತಿಲ್ಲ ಆಂಟಿ" ಎಂದೆ.

"ಅದಕ್ಕೇ ಕೇಳಲಿಲ್ಲ" ಎಂದರು. ಇಳಿದು, ಡಿಕ್ಕಿಯಿಂದ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು, ಕಿಟಕಿಯ ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿ, ಒಳಗೆ ಹೋದರು.